ಒಂದು ‘ವುಡ್’ ಮುಚ್ಚಿದ ಬಾಗಿಲು

ಇಂಗ್ಲಿಷಿನಲ್ಲಿ ವಿನಯದಿಂದ ಮಾತನಾಡಬೇಕಾದರೆ ‘ವಿಲ್’ ಎನ್ನಬಾರದು, ‘ವುಡ್’ ಎನ್ನಬೇಕು ಎಂಬುದು ನನ್ನ ಬಹುಕಾಲದ ನಂಬಿಕೆಯಾಗಿತ್ತು. ಆ ಪದ ನನಗೆ ಇಸ್ತ್ರಿ ಮಾಡಿದ ಅಂಗಿಯಂತೆ ಕಾಣುತ್ತಿತ್ತು; ತೊಟ್ಟು ಎಲ್ಲಿಗೆ ಹೋದರೂ ಮರ್ಯಾದೆಗೆ ಕೊರತೆಯಿಲ್ಲವೆಂದುಕೊಂಡಿದ್ದೆ. ಆ ನಂಬಿಕೆಯನ್ನು ಕಳೆದುಕೊಂಡ ಬಗೆಯನ್ನು ಹೇಳಲು ಈಗಲೂ ಸ್ವಲ್ಪ ನಾಚಿಕೆಯೇ.

ಆಗ ನಾವು ಮಲ್ಲೇಶ್ವರದ ಒಂದು ಮನೆಯಲ್ಲಿ ಬಾಡಿಗೆಗಿದ್ದೆವು. ಮಹಡಿಯ ಮೇಲೆ ಬಂಗಾಳದ ವೃದ್ಧೆಯೊಬ್ಬರಿದ್ದರು. ಊರಿನ ಶಾಲೆಯೊಂದರಲ್ಲಿ ಮೂವತ್ತು ವರ್ಷ ಇಂಗ್ಲಿಷ್ ಕಲಿಸಿ ನಿವೃತ್ತರಾಗಿ, ಮಗಳೊಡನೆ ಬೆಂಗಳೂರಿಗೆ ಬಂದವರು. ಮಗಳು ಪರದೇಶಕ್ಕೆ ಹೋದ ಮೇಲೆ ಒಬ್ಬರೇ ಉಳಿದರು. ನಮ್ಮ ಮಕ್ಕಳು ಅವರನ್ನು ‘ಮಾಶಿಮಾ’ ಎನ್ನುತ್ತಿದ್ದರು. ನಾವೂ ಅದನ್ನೇ ಕಲಿತೆವು. ಅವರಿಗೆ ಕನ್ನಡ ಬಾರದು, ನಮಗೆ ಬಂಗಾಳಿ ಬಾರದು. ನಡುವೆ ಇಂಗ್ಲಿಷೇ ಸೇತುವೆ.

ಒಂದು ಸಂಜೆ ಅವರು ಕೆಳಗಿಳಿದು ಬಂದು, ಗುರುವಾರ ಕಣ್ಣಿನ ಪೊರೆ ತೆಗೆಸಿಕೊಳ್ಳಬೇಕಾಗಿದೆಯೆಂದೂ, ಜೊತೆಗೆ ಯಾರಾದರೂ ಇರಬೇಕೆಂದು ವೈದ್ಯರು ಹೇಳಿದ್ದಾರೆಂದೂ ಸಂಕೋಚದಿಂದ ತಿಳಿಸಿದರು. ಕಚೇರಿಯಲ್ಲಿ ರಜೆ ಸಿಗುವುದೋ ಇಲ್ಲವೋ ನನಗೆ ತಿಳಿಯದು. ‘ಬಿಡುವು ಸಿಕ್ಕರೆ ಬರುತ್ತೇನೆ’ ಎಂಬುದು ಮನಸ್ಸಿನಲ್ಲಿದ್ದ ಕನ್ನಡ. ಬಾಯಿಂದ ಹೊರಟದ್ದು, “ಇಫ್ ಐ ಹ್ಯಾಡ್ ಟೈಮ್, ಐ ವುಡ್ ಕಮ್ ವಿತ್ ಯೂ.” ಅವರ ಮುಖ ಒಂದು ಕ್ಷಣ ಬಾಡಿತು. ಪರವಾಗಿಲ್ಲ, ಅರ್ಥವಾಗುತ್ತದೆ ಎಂದು ಹೇಳಿ ಮೆಲ್ಲನೆ ಮೆಟ್ಟಿಲು ಹತ್ತಿದರು. ನನ್ನ ಇಂಗ್ಲಿಷಿನ ಸೌಜನ್ಯಕ್ಕೆ ನಾನೇ ಮೆಚ್ಚಿಕೊಂಡೆ.

ಗುರುವಾರ ರಜೆ ಹಾಕಿ, ಬೆಳಗಿನ ಏಳು ಗಂಟೆಗೆ ಮಹಡಿ ಹತ್ತಿದರೆ ಬಾಗಿಲಿಗೆ ಬೀಗ! ಆರು ಗಂಟೆಗೇ ಆಟೋ ಹಿಡಿದು ಒಬ್ಬರೇ ಹೋದರೆಂದು ಹೂವಿನವಳು ಹೇಳಿದಳು. ಯಾವ ಆಸ್ಪತ್ರೆಯೆಂದು ಕೇಳಿಡುವಷ್ಟು ವಿನಯ ನನ್ನಲ್ಲಿರಲಿಲ್ಲ.

“ನೀವು ಬರುತ್ತೇನೆಂದು ಹೇಳಿದ್ದಿರಷ್ಟೆ?” ಎಂದಳು ನನ್ನವಳು.

“ಹೇಳಿದ್ದೆನಲ್ಲ!”

“ಹೇಳಿದ್ದರೆ ಅವರೇಕೆ ಒಬ್ಬರೇ ಹೋಗುತ್ತಿದ್ದರು?”

ಮಧ್ಯಾಹ್ನ ಆಟೋ ಬಂದಿತು. ಒಂದು ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡ ಮಾಶಿಮಾ ಚಾಲಕನ ಕೈಹಿಡಿದು ಇಳಿಯುತ್ತಿದ್ದರು. ಓಡಿಹೋಗಿ ಆ ಕೈಯನ್ನು ನಾನು ಹಿಡಿದುಕೊಂಡೆ. ಬೆಳಗಿನ ಸಂಗತಿ ಕೇಳಿ ಅವರು ಮೊದಲು ಬೆರಗಾದರು, ಆಮೇಲೆ ನಕ್ಕರು. ಮೂವತ್ತು ವರ್ಷ ಪಾಠ ಹೇಳಿದವರು ಸುಮ್ಮನಿದ್ದಾರೆಯೆ? ಎರಡು ದಿನ ಕಳೆದ ಮೇಲೆ ನನಗೊಂದು ತರಗತಿಯೇ ಆಯಿತು.

“ಇಫ್ ಐ ಹ್ಯಾವ್ ಟೈಮ್, ಐ ವಿಲ್ ಕಮ್” ಎಂದರೆ ಬಾಗಿಲು ತೆರೆದಿದೆ, ಬಂದರೂ ಬರಬಹುದು. “ಇಫ್ ಐ ಹ್ಯಾಡ್ ಟೈಮ್, ಐ ವುಡ್ ಕಮ್” ಎಂದರೆ ಬಿಡುವಿಲ್ಲ, ಬರುವುದಿಲ್ಲ, ಬಾಗಿಲು ಮುಚ್ಚಿದೆ. ‘ಹ್ಯಾಡ್’ ಇದ್ದರೂ ಮಾತು ಕಳೆದ ಕಾಲದ್ದಲ್ಲ, ಇಲ್ಲದ ಸಂಗತಿಯದು. “ಇಫ್ ಐ ಹ್ಯಾಡ್ ಹ್ಯಾಡ್ ಟೈಮ್, ಐ ವುಡ್ ಹ್ಯಾವ್ ಕಮ್” ಎಂದರೆ ಕಾಲ ಮೀರಿತು. ಉಳಿದದ್ದು ಪರಿತಾಪ ಮಾತ್ರ. ತೆರೆದ ಬಾಗಿಲಿನ ವಾಕ್ಯದಲ್ಲೂ ಒಂದು ಎಚ್ಚರ ಬೇಕು: ನಾಳೆಯ ಮಳೆಯ ಮಾತಾದರೂ “ಇಫ್ ಇಟ್ ರೈನ್ಸ್” ಎನ್ನಬೇಕೇ ಹೊರತು “ಇಫ್ ಇಟ್ ವಿಲ್ ರೇನ್” ಎನ್ನಬಾರದು. ಇನ್ನು ‘ವುಡ್’ ವಿನಯದ ಪದವೇನೋ ಹೌದು, ಆದರೆ “ವುಡ್ ಯೂ ಲೈಕ್ ಸಮ್ ಕಾಫಿ?” ಎಂದು ಕೇಳುವಾಗ, ಮಾತು ಕೊಡುವಾಗಲ್ಲ.

ನಾನು ಎಡವಿದ್ದೇಕೆ ಎಂದು ಆಮೇಲೆ ಯೋಚಿಸಿದೆ. ‘ಮಳೆ ಬಂದರೆ ಕೊಡೆ ಒಯ್ಯುತ್ತೇನೆ’ ಎನ್ನುತ್ತೇವೆ. ‘ಅತ್ತೆಗೆ ಮೀಸೆ ಬಂದರೆ ಚಿಕ್ಕಪ್ಪ’ ಎಂದೂ ಎನ್ನುತ್ತೇವೆ. ಬರಬಹುದಾದ ಮಳೆಗೂ ಬಾರದ ಮೀಸೆಗೂ ನಮ್ಮಲ್ಲಿ ಒಂದೇ ‘ಬಂದರೆ’. ಯಾವುದು ಸಾಧ್ಯ, ಯಾವುದು ಅಸಾಧ್ಯ ಎಂಬುದನ್ನು ಕೇಳುವವರ ವಿವೇಕಕ್ಕೆ ಬಿಡುತ್ತೇವೆ. ಇಂಗ್ಲಿಷು ಅಷ್ಟು ನೆಚ್ಚುವುದಿಲ್ಲ. ಮಳೆಗೊಂದು ಕ್ರಿಯಾರೂಪ, ಮೀಸೆಗೆ ಇನ್ನೊಂದು. ಆದರೂ ಆ ‘ಹ್ಯಾಡ್’ ನಮಗೆ ತೀರ ಅಪರಿಚಿತವೇನಲ್ಲ. ನಮ್ಮ ‘ಬಂದರೆ’ಯಲ್ಲಿ ಅಡಗಿರುವುದೂ ‘ಬಂದ’ ಎಂಬ ಭೂತರೂಪವೇ. ಇನ್ನೂ ಬಾರದ ಮಳೆಯನ್ನು ನಾವು ಎಂದಿನಿಂದಲೋ ಭೂತರೂಪದಲ್ಲೇ ಕರೆಯುತ್ತಿದ್ದೇವೆ!

ನನ್ನ ತಪ್ಪಿಗೆ ಪರೀಕ್ಷೆಯಲ್ಲಾದರೆ ಒಂದು ಅಂಕ ಹೋಗುತ್ತಿತ್ತು. ಇಲ್ಲಿ ಮುದುಕಿಯೊಬ್ಬರು ಮಬ್ಬುಗಣ್ಣಿನಲ್ಲಿ ಒಬ್ಬರೇ ಮೆಟ್ಟಿಲಿಳಿದು ಹೋದರು. ವ್ಯಾಕರಣವೂ ನಡತೆಯ ಒಂದು ಭಾಗವೆಂದು ನನಗೆ ತಿಳಿದದ್ದು ಅಂದೇ.

ಎರಡು ತಿಂಗಳ ಮೇಲೆ ಅವರ ಇನ್ನೊಂದು ಕಣ್ಣಿನ ಸರದಿ ಬಂದಿತು. ದಿನ ಗೊತ್ತಾದ ಸಂಜೆಯೇ ಮಹಡಿ ಹತ್ತಿ, “ಐ ವಿಲ್ ಕಮ್” ಎಂದೆ.

ಮಾಶಿಮಾ ಕನ್ನಡಕದ ಮೇಲಿಂದ ನೋಡಿ, ಹಳೆಯ ಮೇಷ್ಟರ ಗತ್ತಿನಲ್ಲಿ ಕೇಳಿದರು: “ಇಫ್?”

“ನೋ ಇಫ್, ಮಾಶಿಮಾ” ಎಂದೆ.