ಸೊನ್ನೆಯ ತಂತಿ

ಮನೆಯಲ್ಲಿ ಯಂತ್ರವೊಂದು ಕೆಟ್ಟಿತೆಂದರೆ ಹೊಸ ಭಾಗವನ್ನು ತರಲು ಅಂಗಡಿಗೆ ಓಡುವವರೇ ಹೆಚ್ಚು. ಕೆಟ್ಟುದು ಯಾವುದೆಂದು ಅಳೆದು ನೋಡುವವರು ವಿರಳ. ನಾಡಿ ಹಿಡಿಯದೆ ಮದ್ದರೆಯುವ ವೈದ್ಯನನ್ನು ಯಾರೂ ಮೆಚ್ಚರು. ಆದರೆ ಯಂತ್ರಗಳ ವಿಷಯದಲ್ಲಿ ಅಂತಹ ವೈದ್ಯವೇ ಎಲ್ಲೆಡೆಯೂ ನಡೆಯುತ್ತಿರುವುದು. ಈಚೆಗೆ ನಮ್ಮ ಅಣ್ಣನ ಮನೆಯಲ್ಲಿ ನಡೆದ ಒಂದು ಸಣ್ಣ ದುರಸ್ತಿಯ ಸಂಗತಿಯನ್ನು ವಾಚಕರ ಮುಂದಿಡುತ್ತೇನೆ.

ಅಣ್ಣನಿಗೆ ಈಗ 74 ವರ್ಷ, ಕಿವಿ ಮಂದವಾಗಿದೆ. ನಮ್ಮ ತಾಯಿಯವರು ಹಾಡಿದ ದೇವರನಾಮಗಳು ಒಂದೇ ಒಂದು ಕ್ಯಾಸೆಟ್ಟಿನಲ್ಲಿ ಉಳಿದಿವೆ. ತಂದೆಯು ಅವನ್ನು ಕಿವಿತುಂಬ ಕೇಳಲೆಂದು ಅಣ್ಣನ ಮಗನು ಹೆಡ್‌ಫೋನಿಗೊಂದು ಪುಟ್ಟ ಆಂಪ್ಲಿಫೈಯರನ್ನು ಕಟ್ಟಿದನು. ಅದಕ್ಕೆ ಬೇಕಾದ ವಿದ್ಯುತ್ತಿನ ಪೆಟ್ಟಿಗೆಯನ್ನೂ ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಭಾಗಗಳನ್ನು ತಂದು ತಾನೇ ಜೋಡಿಸಿದನು.

ನಾದವೆಂಬುದು ಉಯ್ಯಾಲೆಯಂತೆ, ನಡುವಿನ ಒಂದು ನೆಲೆಯಿಂದ ಅತ್ತಲೂ ಇತ್ತಲೂ ತೂಗುತ್ತಿರುತ್ತದೆ. ಆದುದರಿಂದ ಇಂತಹ ಆಂಪ್ಲಿಫೈಯರಿಗೆ ಸೊನ್ನೆಯಿಂದ ಮೇಲೆ 15 ವೋಲ್ಟು, ಕೆಳಗೆ 15 ವೋಲ್ಟು, ಹೀಗೆ ಎರಡು ಬಗೆಯ ಒತ್ತಡವನ್ನು ಒದಗಿಸುವರು. ಇವುಗಳಲ್ಲಿ ಒಂದು ಇಲ್ಲವಾದರೆ ಉಯ್ಯಾಲೆಯು ಒಂದೇ ಕಡೆಗೆ ವಾಲಿ ನಿಲ್ಲಬಹುದು. ಆಗ ಹೆಡ್‌ಫೋನಿನೊಳಕ್ಕೆ ಏಕಮುಖ ವಿದ್ಯುತ್ತು ನುಗ್ಗಿ ಅದನ್ನು ಸುಟ್ಟೀತು. ಹೆಡ್‌ಫೋನು ಇರುವುದಾದರೂ ಎಲ್ಲಿ? ವೃದ್ಧನ ಕಿವಿಯ ಮೇಲೆ! ಇದು ಆಟದ ಮಾತಲ್ಲ.

ಪೆಟ್ಟಿಗೆಯ ಗುಂಡಿಯನ್ನು ಒತ್ತಿದಾಗಲೆಲ್ಲ ಫ್ಯೂಸು ಹಾರಿಹೋಗುತ್ತಿತ್ತು. ಹುಡುಗನು ಡಯೋಡುಗಳನ್ನು ಬದಲಾಯಿಸಿದನು, ಫಲವಿಲ್ಲ. "ಚಿಕ್ಕಪ್ಪ, ಇನ್ನೂ ದೊಡ್ಡ ಫ್ಯೂಸು ಹಾಕಿಬಿಡಲೇ?" ಎಂದು ಕೇಳಿದನು. "ಬೇಡ ಮಗೂ, ಕಾವಲುಗಾರನು ಕೂಗಿದನೆಂದು ಅವನ ಬಾಯಿ ಕಟ್ಟುವರೇ?" ಎಂದು ತಡೆದೆನು. ಬಳಿಕ 60 ವಾಟಿನ ಹಳೆಯ ತಂತುದೀಪವೊಂದನ್ನು ಹುಡುಕಿಸಿ, 230 ವೋಲ್ಟಿನ ವಿದ್ಯುತ್ತು ಅದರ ಮೂಲಕವೇ ಹಾದು ಪೆಟ್ಟಿಗೆಗೆ ಬರುವಂತೆ ಜೋಡಿಸಿದೆನು. ಒಳಗೆ ಎಲ್ಲಾದರೂ ತಂತಿಗಳು ಕೂಡಿಕೊಂಡಿದ್ದರೆ ದೀಪವು ಪ್ರಖರವಾಗಿ ಉರಿಯುವುದು. ಭಾಗಗಳು ಸುಡುವುದು ತಪ್ಪುವುದು. ಎಲ್ಲವೂ ಸರಿಯಾಗಿದ್ದರೆ ಒಮ್ಮೆ ಮಿನುಗಿ ಮಂಕಾಗುವುದು.

ದೀಪವು ಪ್ರಖರವಾಗಿಯೇ ಉರಿಯಿತು. ಎರಡು ರೆಗ್ಯುಲೇಟರುಗಳಿಗೂ ಹೋಗುವ ತಂತಿಗಳನ್ನು ಬಿಡಿಸಿದೆವು; ದೀಪವು ಮಂಕಾಯಿತು. ಕೆಪಾಸಿಟರುಗಳ ಮೇಲೆ ಸೊನ್ನೆಯ ಇಕ್ಕೆಲಗಳಲ್ಲಿಯೂ ಸುಮಾರು 20 ವೋಲ್ಟು ಕಂಡಿತು. ಅಂದಮೇಲೆ ಟ್ರಾನ್ಸ್‌ಫಾರ್ಮರೂ ಡಯೋಡುಗಳೂ ನಿರ್ದೋಷಿಗಳು. 7815 ಎಂಬ ಧನದ ರೆಗ್ಯುಲೇಟರನ್ನು ಸೇರಿಸಿದೆವು. 15 ವೋಲ್ಟು ಬಂದಿತು. 7915 ಎಂಬ ಋಣದ ರೆಗ್ಯುಲೇಟರನ್ನು ಸೇರಿಸಿದೊಡನೆ ದೀಪವು ಮತ್ತೆ ಭುಗಿಲೆಂದಿತು.

"ಇದೇ ಕೆಟ್ಟಿದೆ" ಎಂದು ಹುಡುಗನು ಹೊಸತನ್ನು ತರಲು ಎದ್ದನು. ನಾನು ಅವನನ್ನು ಕೂರಿಸಿ, ವಿದ್ಯುತ್ತನ್ನು ಆರಿಸಿ, ಕೆಪಾಸಿಟರುಗಳಲ್ಲಿ ಉಳಿದಿದ್ದ ವಿದ್ಯುತ್ತನ್ನು ಒಂದು ರೆಸಿಸ್ಟರಿನ ಮೂಲಕ ಇಳಿಸಿ, ಮೀಟರಿನ ಒಂದು ಮೊನೆಯನ್ನು ಸೊನ್ನೆಯ ತಂತಿಗೂ ಇನ್ನೊಂದನ್ನು ಋಣದ ರೆಗ್ಯುಲೇಟರಿನ ಒಳಬರುವ ಕಾಲಿಗೂ ಮುಟ್ಟಿಸಿದೆನು. ಎರಡೂ ಒಂದೇ ತಂತಿಯೋ ಎಂಬಂತೆ ಕೂಡಿಕೊಂಡಿದ್ದವು. ಆಗ ಗುಟ್ಟು ಬಯಲಾಯಿತು. ಈ ಎರಡು ಭಾಗಗಳು ನೋಟಕ್ಕೆ ಅವಳಿಮಕ್ಕಳು, ಗುಣ ಬೇರೆ. 7815ರಲ್ಲಿ ನಡುವಿನ ಕಾಲೂ ಬೆನ್ನಿನ ಲೋಹವೂ ಸೊನ್ನೆಗೆ ಸೇರಿದುವು. 7915ರಲ್ಲಿ ಅವು ಒಳಬರುವ ಋಣ ವಿದ್ಯುತ್ತಿಗೆ ಸೇರಿದುವು. ಕಾಲುಗಳ ಬೆಸುಗೆಯನ್ನು ಹುಡುಗನು ಸರಿಯಾಗಿಯೇ ಮಾಡಿದ್ದನು. ಆದರೆ ಶಾಖ ಹೀರಲೆಂದು ಎರಡನ್ನೂ ಒಂದೇ ಅಲ್ಯುಮಿನಿಯಂ ತಗಡಿಗೆ ತಿರುಪಿನಿಂದ ಬಿಗಿದಿದ್ದನು. ತಗಡೇ ಎರಡರ ನಡುವಣ ಸೇತುವೆಯಾಗಿತ್ತು. ಬೆನ್ನಿನ ಹಿಂದೆ ಕಾಗೆಬಂಗಾರದ ತೆಳುಹಾಳೆಯನ್ನಿಟ್ಟು, ತಿರುಪಿಗೆ ನಿರೋಧಕದ ಬಳೆಯನ್ನು ತೊಡಿಸಿದೆವು. ಅದೇ ಹಳೆಯ ರೆಗ್ಯುಲೇಟರು ಋಣ 15 ವೋಲ್ಟನ್ನು ಕೊಟ್ಟಿತು.

ಇನ್ನೊಂದು ಕೀಟಲೆ ಉಳಿದಿತ್ತು. ಹಾಡಿನ ಹಿಂದೆ ದುಂಬಿಯ ಮೊರೆತದಂತೆ ಒಂದು ಸದ್ದು. ಕೆಪಾಸಿಟರುಗಳು ಸೆಕೆಂಡಿಗೆ 100 ಸಲ ತುಂಬಿಕೊಳ್ಳುವಾಗ ಹರಿಯುವ ವಿದ್ಯುತ್ತು, ಹಾಡಿನ ವಿದ್ಯುತ್ತು ಹಿಂದಿರುಗುವ ಸೊನ್ನೆಯ ತಂತಿಯನ್ನೇ ತುಳಿಯುತ್ತಿತ್ತು. ಟ್ರಾನ್ಸ್‌ಫಾರ್ಮರಿನ ನಡುತಂತಿಯನ್ನು ನೇರವಾಗಿ ಎರಡು ಕೆಪಾಸಿಟರುಗಳು ಕೂಡುವೆಡೆಗೆ ತಂದು, ಅಲ್ಲಿಂದ ಬೇರೊಂದು ತಂತಿಯನ್ನು ಆಂಪ್ಲಿಫೈಯರಿಗೆ ಕಳುಹಿಸಿದೆವು. ಮೊರೆತ ಅಡಗಿತು. ಹೆಡ್‌ಫೋನನ್ನು ಚುಚ್ಚುವ ಮುನ್ನ ಅದರ ಬಾಯಲ್ಲಿ ಏಕಮುಖ ವಿದ್ಯುತ್ತು ಎಷ್ಟಿದೆಯೆಂದು ಅಳೆದೆವು; ಕೆಲವೇ ಮಿಲಿವೋಲ್ಟು. ಇದಾದ ಮೇಲೆಯೇ ಅಣ್ಣನನ್ನು ಕರೆದುದು. ಅವನು ಕಣ್ಮುಚ್ಚಿ ಕೇಳಿ, "ಅಮ್ಮ ಚರಣದ ಮುಂಚೆ ಉಸಿರೆಳೆದುಕೊಳ್ಳುವುದೂ ಕೇಳಿಸುತ್ತದಲ್ಲೋ!" ಎಂದನು.

ನಮ್ಮ ಎಣಿಕೆಯಲ್ಲಿ ಸೊನ್ನೆಗೆ ಬೆಲೆ ಕಡಮೆ. ಆದರೆ ಧನವನ್ನೂ ಋಣವನ್ನೂ ಅಳೆಯುವುದು ಅದರಿಂದಲೇ. ಅದು ಕದಲಿದರೆ ಎರಡೂ ಸುಳ್ಳಾಗುವುವು. ಮನೆಯಲ್ಲಿ ಇಂತಹ ಕೆಲಸಕ್ಕೆ ಕೈಹಾಕುವ ಎಳೆಯರಿಗೆ ಹಿರಿಯರು ಹೇಳಬೇಕಾದುದು ಇಷ್ಟೆ: ಗೋಡೆಯ ವಿದ್ಯುತ್ತನ್ನು ಬಲ್ಲವರ ಜೊತೆಯಿಲ್ಲದೆ ಮುಟ್ಟಬೇಡಿ, ಆರಿಸಿದ ಮೇಲೂ ಕೆಪಾಸಿಟರನ್ನು ನಂಬಬೇಡಿ, ಫ್ಯೂಸನ್ನು ಹಿಗ್ಗಿಸಬೇಡಿ, ಅಳೆಯದೆ ಯಾವುದನ್ನೂ ಕೆಟ್ಟಿತೆನ್ನಬೇಡಿ.