ಹೊಲಿಗೆಗೆ ಮುಂಚೆ ರಿಪೋರ್ಟು

ಎಂಬತ್ತರ ದಶಕದಲ್ಲಿ ಉತ್ತರ ಕರ್ನಾಟಕದ ಸರಕಾರಿ ಆಸ್ಪತ್ರೆಯೊಂದರ ಆಪರೇಷನ್ ಥಿಯೇಟರಿಗೆ ನಾನು ನರ್ಸಾಗಿ ಸೇರಿದಾಗ, ಮುಖದ ಕ್ಯಾನ್ಸರು ಟೇಬಲ್ಲಿಗೆ ಬರುತ್ತಿದ್ದುದೇ ತಡವಾಗಿ. ಹೊಲದ ಬಿಸಿಲಲ್ಲಿ ದುಡಿದ ಮುದುಕರು. ಮೂಗಿನ ಹೊಳ್ಳೆಯ ಪಕ್ಕವೋ ರೆಪ್ಪೆಯಂಚಿಗೋ ಒಂದು ಕಪ್ಪು ಗಂಟು, ನಡುವೆ ಹುಣ್ಣು. ನೋವಿಲ್ಲವೆಂದು ವರ್ಷಗಟ್ಟಲೆ ಸುಮ್ಮನಿದ್ದವರೇ ಹೆಚ್ಚು. ಈ ಬೇಸಲ್ ಸೆಲ್ ಕಾರ್ಸಿನೋಮ ಬೇರೆ ಅಂಗಕ್ಕೆ ಹರಡುವುದು ತೀರ ಅಪರೂಪ. ಆದರೆ ಇದ್ದ ಜಾಗದಲ್ಲೇ ಇಲಿ ಕೊರೆದಂತೆ ಎಲುಬಿನ ತನಕ ಇಳಿಯುತ್ತದೆ.

ಸರ್ಜನ್ನರು ಜೆನ್ಶನ್ ವಯಲೆಟ್‌ನಲ್ಲಿ ಗೆರೆ ಎಳೆದು, ಸುತ್ತಲಿನ ಕೆಲವು ಮಿಲಿಮೀಟರ್ ಒಳ್ಳೆಯ ಚರ್ಮವನ್ನೂ ಸೇರಿಸಿ ಕತ್ತರಿಸುತ್ತಿದ್ದರು. ಗಾಯವನ್ನು ಆಗಲೇ ಕೆನ್ನೆಯ ಚರ್ಮ ತಿರುಗಿಸಿಯೋ ಕಿವಿಯ ಹಿಂದಿನ ಚರ್ಮ ತಂದು ಕೂರಿಸಿಯೋ ಮುಚ್ಚುತ್ತಿದ್ದರು. ತೆಗೆದ ತುಂಡು ಫಾರ್ಮಲಿನ್ ಬಾಟಲಿಗೆ. ವಾರ ಕಳೆದು ಪೆಥಾಲಜಿ ರಿಪೋರ್ಟು ಬರುವುದು: ಅಂಚಿನಲ್ಲಿ ಗಡ್ಡೆ ಉಳಿದಿದೆ! ಚರ್ಮವೇ ಸ್ಥಳ ಬದಲಿಸಿದ ಮೇಲೆ ಯಾವ ಅಂಚು, ಎಲ್ಲಿ ಹುಡುಕುವುದು?

ಮೂಗು ಕಟ್ಟುವ ವಿದ್ಯೆಗೇನೂ ನಮ್ಮಲ್ಲಿ ಬರವಿರಲಿಲ್ಲ. 1792ರ ಯುದ್ಧದಲ್ಲಿ ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕು ಮೂಗು ಕಳೆದುಕೊಂಡ ಕವಾಸ್ಜಿ ಎಂಬ ಎತ್ತಿನ ಗಾಡಿಯವನಿಗೆ ಪುಣೆಯ ಬಳಿ ಹಣೆಯ ಚರ್ಮದಿಂದ ಹೊಸ ಮೂಗು ಮಾಡಿದ್ದರು. ಆ ಸುದ್ದಿ 1794ರಲ್ಲಿ ಲಂಡನ್ನಿನ ಪತ್ರಿಕೆಯಲ್ಲಿ ಅಚ್ಚಾಯಿತು. 1814ರಲ್ಲಿ ಜೋಸೆಫ್ ಕಾರ್ಪ್ಯೂ ಅಲ್ಲಿ ಅದನ್ನೇ ಮಾಡಿದ. ನಮ್ಮ ಥಿಯೇಟರಿನಲ್ಲೂ ಅದೇ ಕ್ರಮ. ಹುಬ್ಬಿನ ಒಳಬದಿಯಿಂದ ಮೇಲೇರುವ ರಕ್ತನಾಳದ ಸಮೇತ ಹಣೆಯ ಚರ್ಮ ಇಳಿಸಿ ಮೂಗಿಗೆ ಹೊಲಿಯುವುದು, ಸುಮಾರು ಮೂರು ವಾರದ ಮೇಲೆ ಬುಡ ಕತ್ತರಿಸುವುದು. ಅಲ್ಲಿಯವರೆಗೆ ಕನ್ನಡಕ ಹಾಕುವಂತಿಲ್ಲ, ಕನ್ನಡಿ ನೋಡಲು ಧೈರ್ಯವಿಲ್ಲ. ಬುಡದ ಹಸಿಮೈಗೆ ವ್ಯಾಸಲೀನ್ ಗಾಜ್ ಸುತ್ತುವುದು ನಮ್ಮ ಪಾಲಿನ ಕೆಲಸ.

ಆಮೇಲೆ ದೊಡ್ಡ ಆಸ್ಪತ್ರೆಗಳಲ್ಲಿ ಫ್ರೋಜನ್ ಸೆಕ್ಷನ್ ಬಂತು. ರೋಗಿ ಟೇಬಲ್ಲಿನ ಮೇಲಿರುವಾಗಲೇ ತುಂಡನ್ನು ಹೆಪ್ಪುಗಟ್ಟಿಸಿ ನೋಡಿ ಹೇಳುತ್ತಾರೆ. ಅಮೆರಿಕದ ಫ್ರೆಡರಿಕ್ ಮೋಸ್ 1930ರ ದಶಕದಲ್ಲಿ ಶುರುಮಾಡಿದ ವಿಧಾನದಲ್ಲಂತೂ ಇಡೀ ಅಂಚು, ತಳ ಎರಡನ್ನೂ ಪರೀಕ್ಷಿಸಿ, ಗಡ್ಡೆ ಉಳಿದ ಕಡೆಯಷ್ಟೇ ಮತ್ತೆ ಕತ್ತರಿಸುತ್ತಾರೆ. ಇವೆರಡೂ ಇಲ್ಲದ ನಮ್ಮಲ್ಲಿ ಡಾಕ್ಟರು ಗಾಯಕ್ಕೆ ಬರೀ ಡ್ರೆಸಿಂಗ್ ಮಾಡಿ, ರಿಪೋರ್ಟು ಬಂದ ಮೇಲೆ ಮುಚ್ಚತೊಡಗಿದರು. “ಏನ್ರೀ ಸಿಸ್ಟರ್, ಮಾರಿ ಮ್ಯಾಲ ತೂತು ಬಿಟ್ಟು ಕಳಸ್ತೀರೇನು?” ಎಂದು ಮನೆಯವರು ಜಗಳಕ್ಕೇ ಬರುತ್ತಿದ್ದರು. ನನ್ನನ್ನು ಕೇಳಿದರೆ, ಯಾವ ಯಂತ್ರಕ್ಕಿಂತಲೂ ಆ ಕಾಯುವಿಕೆಯೇ ದೊಡ್ಡ ಸುಧಾರಣೆ.

ಮುಖದಲ್ಲಿ ತಿಂಗಳಾದರೂ ಮಾಯದ ಹುಣ್ಣೋ ಬೆಳೆಯುತ್ತಿರುವ ಗಂಟೋ ಇದ್ದರೆ ತೋರಿಸಿ. ಚಿಕ್ಕದಿದ್ದಾಗ ಎಷ್ಟೋ ಸಲ ಮರಗಟ್ಟಿಸುವ ಇಂಜೆಕ್ಷನ್ನಿನಲ್ಲೇ ಕೆಲಸ ಮುಗಿದು ಸಂಜೆಗೆ ಮನೆ ಸೇರಬಹುದು.