ರೋಗಾಣುವೇ ಮದ್ದಾಗುವ ಬಗೆ

ದೊಡ್ಡಕರುಳಿನ ಕ್ಯಾನ್ಸರಿಗೆ ವೈರಸ್ಸನ್ನೇ ಮದ್ದಾಗಿ ಕೊಡುವರಂತೆ, ಲಿಂಗವನ್ನು ಧರಿಸಿದ ದೇಹದೊಳಗೆ ತಿಳಿದೂ ತಿಳಿದೂ ರೋಗವನ್ನು ಬಿಟ್ಟುಕೊಳ್ಳಬಹುದೇ ಎಂದು ಪ್ರವಚನಕ್ಕೆ ಬರುವ ಸದ್ಭಕ್ತರು ಕೆಲವರು ನಮ್ಮನ್ನು ಕೇಳುತ್ತಾರೆ. ಶರಣರು ದೇಹವನ್ನು ದೇಗುಲವೆಂದು ಕಂಡವರು. ದೇಗುಲ ಬಿರುಕುಬಿಟ್ಟರೆ ದುರಸ್ತಿ ಮಾಡಬಾರದೆಂದು ಅವರಾರೂ ಹೇಳಲಿಲ್ಲ. ಆದುದರಿಂದ ಧರ್ಮದ ತೊಡಕು ಇಲ್ಲಿಲ್ಲ. ಇರುವ ತೊಡಕೇ ಬೇರೆ.

ಶತಮಾನಕ್ಕೂ ಹಿಂದೆ, 1904ರಲ್ಲಿ, ಅಮೆರಿಕದ ವೈದ್ಯ ಜಾರ್ಜ್ ಡಾಕ್ ಅವರು ರಕ್ತದ ಕ್ಯಾನ್ಸರಿನ ರೋಗಿಯೊಬ್ಬಳಿಗೆ ಫ್ಲೂ ತಗಲಿದ ಮೇಲೆ ಕಾಯಿಲೆ ಕೆಲಕಾಲ ತಗ್ಗಿದುದನ್ನು ಬರೆದಿಟ್ಟರು. ಆರೋಗ್ಯವಂತ ಜೀವಕೋಶಕ್ಕೆ ವೈರಸ್ಸನ್ನು ಹತ್ತಿಕ್ಕುವ ಕಾವಲಿರುತ್ತದೆ. ಕ್ಯಾನ್ಸರಿನ ಕೋಶವು ಅಂಕೆಮೀರಿ ಬೆಳೆಯುವ ಭರದಲ್ಲಿ ಆ ಕಾವಲನ್ನು ಕಳೆದುಕೊಂಡಿರುವುದುಂಟು. ವಿಜ್ಞಾನಿಗಳು ವೈರಸ್ಸಿನ ಕೆಲವು ವಂಶವಾಹಿಗಳನ್ನು ತೆಗೆದು, ಅದು ಕಾವಲಿಲ್ಲದ ಕೋಶದಲ್ಲಿಯೇ ವೃದ್ಧಿಸುವಂತೆ ಮಾಡುತ್ತಾರೆ. ವೃದ್ಧಿಸಿದ ವೈರಸ್ಸು ಕೋಶವನ್ನೊಡೆದು ಹೊರಬೀಳುತ್ತದೆ; ಆ ಚೂರುಗಳಿಂದ ದೇಹದ ರಕ್ಷಣಾಪಡೆಯು ಶತ್ರುವಿನ ಗುರುತು ಹಿಡಿಯುತ್ತದೆ. ಮುಳ್ಳನ್ನು ಮುಳ್ಳಿನಿಂದ ತೆಗೆಯುವ ಉಪಾಯ ನಮ್ಮ ಒಕ್ಕಲುಮಕ್ಕಳಿಗೇನೂ ಹೊಸದಲ್ಲ. ಹರ್ಪಿಸ್ ವೈರಸ್ಸಿನಿಂದ ಮಾಡಿದ ಮದ್ದಿಗೆ 2015ರಲ್ಲಿ ಅಮೆರಿಕವು ಮೆಲನೋಮಾ ಎಂಬ ಚರ್ಮದ ಕ್ಯಾನ್ಸರಿಗೂ, ಅದೇ ಜಾತಿಯ ಇನ್ನೊಂದಕ್ಕೆ 2021ರಲ್ಲಿ ಜಪಾನು ಮೆದುಳಿನ ಗಡ್ಡೆಗೂ ಒಪ್ಪಿಗೆಯಿತ್ತವು.

ದೊಡ್ಡಕರುಳಿನ ಮಾತು ಹಾಗಲ್ಲ. ಚರ್ಮದ ಗಡ್ಡೆಗೆ ನೇರವಾಗಿ ಸೂಜಿ ಚುಚ್ಚಬಹುದು. ಕರುಳಿನಿಂದ ಯಕೃತ್ತಿಗೆ ಹಬ್ಬಿದುದಕ್ಕೆ ಮದ್ದು ಬಹುಮಟ್ಟಿಗೆ ರಕ್ತದ ಮೂಲಕವೇ ಸಾಗಬೇಕು. ದಾರಿಯಲ್ಲಿಯೇ ದೇಹದ ಪ್ರತಿಕಾಯಗಳು ಅದನ್ನು ಹಿಡಿದುಬಿಡಬಹುದು. ರಿಯೋವೈರಸ್, ಅಡಿನೋವೈರಸ್, ನಮ್ಮ ಬಾಲ್ಯದಲ್ಲಿ ಸಿಡುಬು ಬಾರದಿರಲೆಂದು ತೋಳಿಗೆ ಹಾಕುತ್ತಿದ್ದ ವ್ಯಾಕ್ಸಿನಿಯಾ, ಇವುಗಳಿಂದ ಪ್ರಯೋಗಗಳು ನಡೆದಿವೆ. ಒಂದಕ್ಕೂ ಈ ಕಾಯಿಲೆಗೆ ಅನುಮತಿ ದೊರೆತಿಲ್ಲ.

ನಮ್ಮ ಕಳವಳವಿರುವುದು ಇಲ್ಲಿಯೇ. ನಮಗೆ ಬೇಕಾದ ಹಿರಿಯರೊಬ್ಬರು ಮಲದಲ್ಲಿ ರಕ್ತ ಕಂಡರೂ ಮೂಲವ್ಯಾಧಿಯೆಂದುಕೊಂಡು, ಸೊಸೆಯಂದಿರಿಗೆ ತಿಳಿದೀತೆಂಬ ನಾಚಿಕೆಯಿಂದ ಬಹುದಿನ ಮುಚ್ಚಿಟ್ಟರು. ವೈದ್ಯರು ಶಸ್ತ್ರಚಿಕಿತ್ಸೆಯೆಂದಾಗ, “ಹೊಸ ಮದ್ದು ಬರುವುದಂತಲ್ಲ, ಹೊಟ್ಟೆ ಕೊಯ್ಯಿಸಿಕೊಳ್ಳುವುದೇಕೆ ಬುದ್ಧಿ?” ಎಂದು ನಮ್ಮನ್ನೇ ಕೇಳಿದರು. ಗಡ್ಡೆ ಕರುಳಿನಲ್ಲಿಯೇ ಇರುವಾಗ ಕೊಯ್ದು ತೆಗೆದರೆ ಬಹುಪಾಲು ಜನ ಗುಣಹೊಂದುತ್ತಾರೆ, ದೂರ ಹಬ್ಬಿದ ಮೇಲೆ ಆ ಭರವಸೆ ಕೊಡಲಾಗದು ಎಂದೆವು. ಅವರು ಸುಮ್ಮನಾದರು. ಕೊನೆಗೆ ಹಿರಿಯ ಸೊಸೆಯೇ ಪಟ್ಟುಹಿಡಿದು ಆಸ್ಪತ್ರೆಗೆ ಕರೆದೊಯ್ದರು. ಗಡ್ಡೆ ಇನ್ನೂ ಕರುಳನ್ನು ದಾಟಿರಲಿಲ್ಲ.